ಕಾಲು

ಮೂವತ್ತೆರಡು ಸೈಜಿನ ಪ್ಯಾಂಟಿನ ಎಡಗಾಲು,
ಕಂದು ರಟ್ಟಿನದು, ಒಂದು ಮೂಲೆ ಮುರಿದದ್ದು.
ಅದರ ಬೆನ್ನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ
ಬರೆದಿದ್ದೆ ನನ್ನ ವೇಳಾಪಟ್ಟಿ.
ತೊಡೆಗೆ ಇಂಗ್ಲಿಷು, ಮೊಣಕಾಲಿಗೆ ತರ್ಕ,
ಕಾನೂನಿಗೆ ಅಗಲ ಬೇಕೆಂದು ಸೊಂಟದ ಜಾಗ,
ಗಣಿತ ಪಾದದ ಹತ್ತಿರ, ಇಕ್ಕಟ್ಟಿನಲ್ಲಿ.
ಬೆಳಿಗ್ಗೆ ನಾಲ್ಕರಿಂದ ರಾತ್ರಿ ಹನ್ನೊಂದು.
ನಿದ್ದೆಗೆ ಜಾಗ ಸಾಲದೆ
ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೆ.

ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ
ಹದಿನಾಲ್ಕು ಮಷಿನ್ನು ಒಮ್ಮೆಗೇ ಎದ್ದರೆ
ಮಾಳಿಗೆಯ ಬಲ್ಬು ಕಣ್ಣು ಕಿರಿದು ಮಾಡುತ್ತದೆ,
ಪುಸ್ತಕದ ಸಾಲು ನಡುಗುತ್ತದೆ.
ಓದಿದ್ದನ್ನೇ ಮತ್ತೆ ಓದುತ್ತೇನೆ:
ಒಬ್ಬ ಕುದುರೆ ಕೊಳ್ಳುತ್ತೇನೆಂದು ಕಾಗದ ಬರೆಯುತ್ತಾನೆ,
ಇನ್ನೊಬ್ಬ ಉತ್ತರವನ್ನೇ ಕೊಡುವುದಿಲ್ಲ.
ಸುಮ್ಮನಿದ್ದರೆ ಒಪ್ಪಿದ ಹಾಗೆಯೇ?
ಹೌದು ಅನ್ನುತ್ತಾರೆ ಊರ ಹಿರಿಯರು.
ಅಲ್ಲ ಅನ್ನುತ್ತದೆ ಪುಸ್ತಕ.
ನಾನು ಹಿರಿಯರ ಕಡೆ ಗುರುತು ಹಾಕಿ ಬಂದೆ.

ಮೊದಲ ಭಾನುವಾರ ಐವತ್ತೆರಡು.
ಎರಡನೆಯದು ನಲವತ್ತೇಳು.
ರಟ್ಟಿನ ಮೇಲೆ ಇನ್ನೊಂದು ತಾಸು ತೇಪೆ ಹಚ್ಚಿದೆ.
ಮೂರನೆಯದು ನಲವತ್ತೊಂದೂ ಮುಕ್ಕಾಲು,
ನೂರಿಪ್ಪತ್ತಕ್ಕೆ.
ಆ ಮುಕ್ಕಾಲು ನೋಡಿ ನಗು ಬಂತು, ಆಮೇಲೆ ನಗು ನಿಂತಿತು.
ಒಗ್ಗಾಣಿ ತಟ್ಟೆಯಲ್ಲೇ ಆರಿತು,
ಮಿರ್ಚಿ ಮಾತ್ರ ತಿಂದೆ, ಖಾರಕ್ಕೆ ಕಣ್ಣೀರು
ಎಂದು ಹೇಳಲು ಅನುಕೂಲ.

ಅದೇ ಮಧ್ಯಾಹ್ನ ಕಟಿಂಗಿನ ರಸೂಲ್ ಮಾಸ್ತರ್
ಮೆಟ್ಟಿಲು ಹತ್ತಿ ಬಂದರು.
"ಮೂವತ್ತೆರಡರ ಕಾಲು ಎಲ್ಲೈತಮ್ಮಾ?
ಸೋಲಾಪುರದ ಆರ್ಡರು, ನಾನೂರು ಪೀಸು."
ಗೋಡೆಯ ಮೊಳೆಯಿಂದ ಬಿಚ್ಚಿಕೊಂಡು ಹೋದರು.
ನಾನು ಬೇಡ ಅನ್ನಲಿಲ್ಲ.
ಕೆಳಗಿಣುಕಿದರೆ ಮೇಜಿನ ಮೇಲೆ ಪದರ ಪದರ ನೀಲಿ,
ಅದರ ಮೇಲೆ ನನ್ನ ಬೆಳಗಿನ ನಾಲ್ಕು, ರಾತ್ರಿಯ ಹನ್ನೊಂದು.
ಸುತ್ತ ಸೀಮೆಸುಣ್ಣ ಎಳೆದರು,
ಬಲಗಾಲಿಗೆ ರಟ್ಟು ಮಗುಚಿದರು.
ಒಂದಕ್ಷರವನ್ನೂ ಓದಲಿಲ್ಲ ಪುಣ್ಯಾತ್ಮ.

ರಾತ್ರಿ ಖಾಲಿ ಗೋಡೆಯ ಕೆಳಗೆ ಕೂತು
ಉತ್ತರಪತ್ರಿಕೆಯನ್ನು ಮೊದಲ ಸಲ ಎಣಿಸಿದೆ.
ಮುಟ್ಟಿದ್ದು ನೂರಾ ಹದಿನೆಂಟು.
ಸರಿ ಐವತ್ತೇಳು.
ಉಳಿದ ಅರವತ್ತೊಂದು ತಪ್ಪು
ಒಂದೊಂದೂ ಕಾಲು ಕಾಲು ಕಿತ್ತುಕೊಂಡು
ಹದಿನೈದೂಕಾಲು ಹೊತ್ತೊಯ್ದಿದ್ದವು.
ಅವ್ವನಿಗೆ ಹೇಳಿದೆ. ಕಾಜಾ ಮಷಿನ್ನಿನ ಸುಂಕಮ್ಮ,
ಪೀಸಿನ ಲೆಕ್ಕದಲ್ಲಿ ಹದಿನೆಂಟು ವರ್ಷ ಕೂತವಳು,
ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.
"ತಪ್ಪು ಕಾಜಾಕ್ಕ ನಮಗೂ ಹಿಡ್ಕಂತಾರಲ್ಲೇ.
ಕೈಗೆ ಗೊತ್ತಿಲ್ಲದ ಬಟ್ಟಿ ನಾ ಯಾಕ ಮುಟ್ಟಲಿ?"
ಅಂದು, ಸೂಜಿಗೆ ದಾರ ಕೊಡಲು ನನ್ನನ್ನೇ ಕರೆದಳು.

ಹೊಸ ಪಟ್ಟಿ ಪ್ಯಾಂಟಿಗೆ ಕಟ್ಟುವ ಬೆಲೆಚೀಟಿಯ ಹಿಂದೆ.
ಹೆಬ್ಬೆರಳಷ್ಟು ಜಾಗ, ಹೆಚ್ಚು ಹಿಡಿಯುವುದಿಲ್ಲ:
ಮಷಿನ್ನು ನಿಂತ ಮೇಲೆ ನಾಲ್ಕು ಪುಟ, ನಿಧಾನ.
ನಿನ್ನೆಯ ತಪ್ಪು ಇವತ್ತು ಇನ್ನೊಮ್ಮೆ.
ನಿದ್ದೆ.

ನಾಲ್ಕನೆಯ ಭಾನುವಾರ
ಮೂವತ್ತಾರು ಸೊನ್ನೆಗಳನ್ನು ತುಂಬದೆ ಬಿಟ್ಟೆ.
ಪೆನ್ಸಿಲ್ಲು ಹಿಡಿದ ಕೈಯನ್ನು ಇನ್ನೊಂದು ಕೈ ಹಿಡಿದಿತ್ತು.
ಸುಮ್ಮನಿದ್ದೆ, ಒಪ್ಪಿ ಅಲ್ಲ.
ಬಂದದ್ದು ಐವತ್ತೊಂದೂವರೆ.
ಮೊದಲ ಭಾನುವಾರಕ್ಕಿಂತ ಅರ್ಧ ಕಮ್ಮಿ!
ಆದರೂ ಒಗ್ಗಾಣಿ ಬಿಸಿಯಿರುವಾಗಲೇ ತಿಂದೆ.

ಸೋಲಾಪುರದ ಗಂಟು ಲಾರಿ ಏರಿತು.
ರಟ್ಟು ಮಗುಚಿದಾಗ ಮಾಸ್ತರರ ಬೆವರು ತಗುಲಿ
ನನ್ನ ಕೆಂಪು ಶಾಯಿ ಮೇಲಿನ ಪದರಕ್ಕೆ ಇಳಿದಿತ್ತಂತೆ.
ಎಲ್ಲೋ ಒಬ್ಬನ ಬಲಗಾಲಿನ ಒಳಗಡೆ
ಬೆಳಿಗ್ಗೆ ನಾಲ್ಕು ಗಂಟೆ, ಉಲ್ಟಾ.
ನಾಲ್ಕು ಸಲ ಒಗೆದರೆ ಹೋಗುತ್ತದೆ.
ಅಲ್ಲಿಯತನಕ ಅವನು, ಯಾರೇ ಆಗಲಿ,
ತಡವಾಗಿ ಏಳಲಿ.