ಷರಾ

ಎರಡು ವರ್ಷದ ಕರಾರಿನ ಮ್ಯಾಲೆ ಬಂದ್ವಿ ನಾವು ಗುಳೇದಗುಡ್ಡಕ್ಕ.
ಒಂದು ಟ್ರಂಕು, ಬಿಪಿ ನೋಡೋ ಮಷೀನು,
ಇವರ ಮೊಣಕಾಲಿಗೆ ಎಣ್ಣಿ, ನನಗ ಓದೋ ಚಾಳೀಸು.
ಗದಗಿನ ಸಭೆಯವರು ಹಾರ ಹಾಕಿ
ಸುವಾರ್ತಾ ಸೇವಕರು ಅಂತ ಹೆಸರಿಟ್ಟು ಕಳಿಸಿದ್ರು.
ಇಲ್ಲಿ ಮೊದಲನೇ ದಿನ ಓಣಿಯವರು ಕೇಳಿದ್ದು:
'ಬಾಡಿಗಿ ಎಷ್ಟ ಕೊಡ್ತೀರಿ?'

ಬೆಳಿಗ್ಗೆ ಐದಕ್ಕ ಎದ್ದರ
ಗೋಡಿಯಾಚೆ ಕುಣಿಮಗ್ಗ ನಮಗಿಂತ ಮೊದಲ ಎದ್ದಿರ್ತದ.
ಖಟಕ್, ಲಟಕ್. ಖಟಕ್, ಲಟಕ್.
ಇವರ ಪ್ರಾರ್ಥನಿ ಈಗ ಅದೇ ತಾಳಕ್ಕ ಬಿದ್ದದ.
ಲಾಳಿ ನಿಂತರ ಇವರೂ ನಡುವ ನಿಲ್ತಾರ.
ಈರಸಂಗಪ್ಪ ಹರಿದ ನೂಲಿಗೆ ಗಂಟು ಹಾಕೋತನ
ದೇವರೂ ಕಾಯಬೇಕು.

ಮೂವತ್ತಾರು ವರ್ಷ ಟಪಾಲು ವಿಂಗಡಿಸಿದ ಕೈ ಇವರದು.
ವಿಳಾಸ ಅರ್ಧ ಇದ್ದರೂ ಮುಟ್ಟಿಸಬೇಕು, ಅದೊಂದೇ ಧರ್ಮ.
ಹೆಗಲಚೀಲದಾಗ ಪೆನ್ನು, ವಾಕ್ಯದ ಪುಸ್ತಕ, ಎರಡೂ ಇರ್ತಾವ.
ಮನಿ ಹೊಸ್ತಿಲಾ ದಾಟಿದ ಕೂಡಲೇ
ಯಾರೋ ಪಿಂಚಣಿ ಫಾರ್ಮು ತರ್ತಾರ,
ಯಾರೋ ಗ್ಯಾಸಿನ ಬುಕ್ಕು,
ಯಾರೋ ಆಧಾರದಾಗ ತಪ್ಪಿಹೋದ ಅಪ್ಪನ ಹೆಸರು.
ಪೆನ್ನಿನ ಶಾಯಿ ತಿಂಗಳಿಗೆ ಮೂರು ಸಲ ತೀರ್ತದ.
ಪುಸ್ತಕ ಹೋದಂಗ ಮಡಚೇ ವಾಪಸ ಬರ್ತದ.

ಬುಧವಾರ ನನ್ನ ಸರದಿ.
ಕುಣಿಯೊಳಗ ಕಾಲು ಇಳಿಬಿಟ್ಟು ದಿನಾ ಕೂತು
ಪಾದ ಬಾತ ಹೆಂಗಸರು ಪಡಸಾಲ್ಯಾಗ ಸಾಲು ಹಿಡಿತಾರ.
ಬಸಲಿಂಗವ್ವಗ ಮ್ಯಾಲೆ ನೂರಾ ಎಂಬತ್ತು.
ಉಪ್ಪು ಕಡಿಮಿ ಮಾಡಬೇ ಅಂದೆ.
'ಉಪ್ಪಿನಕಾಯಿ ಒಂದ ಬಿಡಂಗಿಲ್ಲ ಸಿಸ್ಟರ,
ಬೇಕಾದ್ರ ನೀವು ಪ್ರಾರ್ಥನಿ ಮಾಡ್ರಿ' ಅಂದಳು.
ಮಾಡಿದೆ. ಗುಳಿಗಿನೂ ಕೊಟ್ಟೆ.
ಮುಂದಿನ ವಾರ ನೂರಾ ಎಪ್ಪತ್ತಾರು.
ಯಾವುದು ಕೆಲಸ ಮಾಡ್ತೋ ಆಕಿನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜಗಳ ಇಲ್ಲಂತೇನಿಲ್ಲ.
ನನ್ನ ಸಕ್ಕರಿ ಗುಳಿಗಿ ಪೂರಾ ಒಂದು ಪಟ್ಟಿ
ಬಸ್‌ಸ್ಟ್ಯಾಂಡಿನ್ಯಾಗ ಯಾರಿಗೋ ಕೊಟ್ಟು ಬಂದ್ರು ಪುಣ್ಯಾತ್ಮರು.
ಎರಡು ದಿನ ನಾನು ಮಾತಾಡಲಿಲ್ಲ,
ರೊಟ್ಟಿ ಬಡಿಯೋ ಸಪ್ಪಳ ಮಾತ್ರ ಜೋರಿತ್ತು.
ಮೂರನೇ ದಿನ ಆದಿತ್ಯವಾರ.
ಕ್ಷಮಾಪಣೆ ಕುರಿತು ಭಾಳ ಚಂದ ಪ್ರಸಂಗ ಮಾಡಿದ್ರು.
ಒಂಬತ್ತು ಮಂದಿ ಕೇಳಿದ್ರು.
ನಾನು ಮುಂದಿನ ಬೆಂಚಿನ್ಯಾಗ ಕೂತು ಮಾಡಿನ ಹಂಚು ಎಣಿಸಿದೆ.
ನೂರಾ ನಾಲ್ಕು. ಎರಡು ಒಡದಾವು.

ತಿಂಗಳ ಕೊನಿಗೆ ಧಾರವಾಡಕ್ಕ ವರದಿ ಹೋಗಬೇಕು.
ಭೇಟಿ ಕೊಟ್ಟ ಮನೆಗಳು. ಪ್ರಾರ್ಥನಾ ಕೂಟಗಳು.
ಹೊಸದಾಗಿ ಸೇರಿದವರು. ಖರ್ಚು. ಷರಾ.
ಮೂರನೇ ಕಾಲಮ್ಮಿನ್ಯಾಗ ಹತ್ತೊಂಬತ್ತು ತಿಂಗಳಿಂದ ಸೊನ್ನೆ.
ಇವರ ಸೊನ್ನಿನೂ ಅಂಚೆ ಮುದ್ರಿ ಹಂಗ, ಗುಂಡಗ, ಸ್ವಚ್ಛ.
ಷರಾದಾಗ ಪ್ರತಿ ಸಲ: 'ಪ್ರಯತ್ನ ಜಾರಿಯಲ್ಲಿದೆ.'

ಈ ತಿಂಗಳು ಈರಸಂಗಪ್ಪ
ತನ್ನ ಫಾರ್ಮು ಪಾಸಾದ ಖುಷಿಗೆ
ಒಂದು ಖಣ ತಂದುಕೊಟ್ಟ. ಮಾವಿನ ಚಿಗುರಿನ ಬಣ್ಣ,
ಅಂಚಿಗೆ ಆನಿಹೆಜ್ಜಿ.
ಈ ವಯಸ್ಸಿಗೆ ಈ ಬಣ್ಣದ ಕುಪ್ಪಸ ನನಗ್ಯಾಕ?
ಗುಡಿಯೊಳಗ ಪ್ರಭುಭೋಜನದ ಮೇಜಿಗೆ ಹಾಸಿದೆ.
ಒಬ್ಬಿಬ್ಬರು ಮೂಗು ಮುರಿದ್ರು, ಬಿಳಿದಲ್ಲ ಅಂತ.

ಮರು ಆದಿತ್ಯವಾರ, ಕಾಣಿಕಿ ಎತ್ತೋ ಹೊತ್ತಿಗೆ
ಬಾಗಿಲಾಗ ಈರಸಂಗಪ್ಪ. ಕೈಯಾಗ ಚಪ್ಪಲಿ.
ಯಾರಿಗೂ ನಮಸ್ಕಾರ ಇಲ್ಲ, ಸೀದಾ ನಡದು ಮುಂದ ಬಂದ,
ಮೇಜಿನ ಎಡಮೂಲಿ ಸೊಟ್ಟ ಬಿದ್ದಿತ್ತು, ಜಗ್ಗಿ ಸರಿ ಮಾಡಿದ,
ಅಂಗೈಯಿಂದ ಒಮ್ಮೆ ಸವರಿದ, ನಿಂತು ನೋಡಿದ, ಹೋದ.
ಹಾಡು ಅಲ್ಲಿತನ ನಿಂತಿತ್ತು.

ರಾತ್ರಿ ವರದಿ ಮುಂದಿಟ್ಟುಕೊಂಡು ಇವರು
ಭಾಳ ಹೊತ್ತು ಪೆನ್ನಿನ ಟೋಪಿ ಕಚ್ಚಿದ್ರು.
'ಒಂದು ಅಂತ ಬರೀಲೇನು?' ಅಂದ್ರು.
'ಸುಳ್ಳಾಗ್ತದ' ಅಂದೆ ನಾನು.
ಸೊನ್ನಿ ಬರೆದ್ರು.
ಆಮ್ಯಾಲೆ ಷರಾದ ಅರ್ಧ ಇಂಚು ಜಾಗದಾಗ,
ಸಣ್ಣ ಅಕ್ಷರದಾಗ:
'ಮೇಜಿನ ಬಟ್ಟೆ ಸರಿಯಾಗಿ ಕೂತಿದೆ.'

ಲಕೋಟಿ ಅಂಟಿಸಿ ಪಿನ್‌ಕೋಡು ಎರಡು ಸಲ ಬರೆದ್ರು, ಹಳೇ ಚಾಳಿ.
ನಾಳಿ ಬುಧವಾರ.
ಮಷೀನಿನ ಸೆಲ್ಲು ಮುಗದಾವು, ನೆನಪು ಮಾಡಬೇಕು ಇವರಿಗೆ.