ಮರಳು

ಹಾಜಿರಾಬಿ ಪ್ಲಾಸ್ಟಿಕ್ ಕವರಿನಿಂದ ಎರಡು ಚೀಟಿ ತೆಗೆದು
ಮಂಡಕ್ಕಿ ಚೀಲದ ಮೇಲೆ ಅಕ್ಕಪಕ್ಕ ಇಟ್ಟಳು.
ಓದು ಬಾರದು. ಆದರೆ ಮೂವತ್ತು ವರ್ಷ
ಚೀಲದ ಮುದ್ರೆ ನೋಡಿಯೇ
ಇದು ಹರಿಹರಕ್ಕೆ, ಇದು ರಾಣೇಬೆನ್ನೂರಿಗೆ ಎಂದು
ವಿಂಗಡಿಸಿದ ಕಣ್ಣು.

'ಈ ಅಕ್ಷರ, ಈ ಅಕ್ಷರ ಒಂದಾ ಅಲ್ವೇನ್ರಿ ಸರ?
ನಂದು ನೋಡಿ ಡಾಕ್ಟರಮ್ಮ ನಕ್ಕರು.
ಹುಡುಗಂದು ಬರಿಯಾಗ ಇನ್ನೊಬ್ರು ಮುಖ ಸಣ್ಣದು ಮಾಡಿದ್ರು.
ಒಂದಾ ಮಾತಿಗೆ ಎರಡು ಮುಖ ಹೆಂಗ್ರಿ?'

ಹೌದು, ಒಂದೇ. ರಿಗ್ರೆಷನ್.
ನಾನೂ ಅದರ ಅನ್ನ ತಿನ್ನುವವನು,
ಮೆಡಿಕಲ್ ಕಾಲೇಜಿನ ಅಂಕಿಸಂಖ್ಯೆ ಮೇಷ್ಟ್ರು,
ಸಂಜೆ ಎರಡು ಸೇರು ಮಂಡಕ್ಕಿಗೆ
ಈ ಭಟ್ಟಿಯ ಓಣಿಗೆ ಬರುವವನು.

ಅವಳ ಚೀಟಿಯಲ್ಲಿ
ನಿಂಬೆಯಷ್ಟಿದ್ದ ಗಡ್ಡೆ ಹುಣಸೆ ಬೀಜದಷ್ಟಾಗಿದೆ.
ಬಂದ ದಾರಿಯಲ್ಲೇ ಹೊರಟಿದೆ.
ಮೊಮ್ಮಗನದ್ದರಲ್ಲಿ
ತೌಸೀಫ್, ಒಂಬತ್ತು ವರ್ಷ,
ಅಜ್ಜಿ ವಾರ್ಡು ಸೇರಿದ ರಾತ್ರಿಯಿಂದ ಚಾಪೆ ಒದ್ದೆ.
ಹದಿನಾರರ ಮಗ್ಗಿ ಒಪ್ಪಿಸುತ್ತಿದ್ದವನು
ರೋಟಿಗೆ ಮತ್ತೆ 'ಲೋಟಿ' ಅನ್ನುತ್ತಾನೆ,
ಹೆಬ್ಬೆರಳು ಬಾಯಲ್ಲಿ.

ಏನು ಹೇಳಲಿ?
ಮೊನ್ನೆ ಮೊನ್ನೆ ಕರಿಹಲಗೆಯ ತುಂಬ ಚುಕ್ಕಿ ಚೆಲ್ಲಿ
ನಡುವೆ ಒಂದು ಗೆರೆ ಎಳೆದಿದ್ದೆ:
ಯಾವ ಚುಕ್ಕಿಯನ್ನೂ ಮುಟ್ಟದೆ
ಎಲ್ಲ ಚುಕ್ಕಿಗೂ ಆದಷ್ಟು ಹತ್ತಿರ ಹೋಗುವ ಗೆರೆ.
ಹಿಂದಿನ ಬೆಂಚಿನ ಹುಡುಗಿ ಕೇಳಿದಳು,
ಮುಂದಿನದನ್ನು ಊಹಿಸುವ ಗೆರೆಗೆ
ಹಿಂದೆ ಹೋಗುವ ಹೆಸರೇಕೆ ಸರ್?

ನನ್ನ ತಾತನ ಕಥೆ ಹೇಳಿದೆ.
ಗರಡಿಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಹೋಗುತ್ತಿದ್ದ ಪೈಲ್ವಾನ.
ಅಪ್ಪ ಬಗ್ಗಬೇಕಾಗಲಿಲ್ಲ.
ನಾನು ಕೈ ಎತ್ತಿದರೂ ಮೇಲ್ಪಟ್ಟಿ ಸಿಗದು.
ಎತ್ತರದವರ ಮಕ್ಕಳು ನಡುವಿಗೆ ಬರುತ್ತಾರೆ,
ಕುಳ್ಳರ ಮಕ್ಕಳೂ.
ಯಾರ ತಪ್ಪೂ ಅಲ್ಲ.
ಕ್ಲಾಸು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಗೆಳೆಯ ಪಾಲಯ್ಯ ಕಲ್ಲು ಓದುವವನು.
ಒಮ್ಮೆ ಚಿತ್ರದುರ್ಗದ ಆಚೆ ಮರಡಿಹಳ್ಳಿಗೆ ಕರೆದೊಯ್ದು
ದಿಂಬು ಪೇರಿಸಿಟ್ಟಂತಿದ್ದ ಬಂಡೆಯ ಮೇಲೆ ಕೂರಿಸಿದ.
'ನೀನು ಕೂತಿರೋದು ನೀರಿನ ತಳದಲ್ಲಿ ಮಾರಾಯ.
ಬೆಂಕಿ ಸಮುದ್ರಕ್ಕೆ ಬಿದ್ದು ಹಿಂಗೆ ಉಬ್ಬಿತು.
ಆಮೇಲೆ ಸಮುದ್ರ ಎದ್ದು ಹೋತು.
ಕಡಲು ಹಿಂದೆ ಸರಿದರೆ ನಾವೂ ಅದಾ ಪದ ಬರಿತೀವಿ.'
ಸುತ್ತ ಜಾಲಿ, ಬಿಸಿಲು, ಒಂದು ಮೇಕೆ.
ಬಾಟಲಿಯಲ್ಲಿ ಎರಡು ಗುಟುಕು ನೀರಿತ್ತು.

ಇದೆಲ್ಲ ಹಾಜಿರಾಬಿಗೆ ಹೇಗೆ ಹೇಳುವುದು?
ಗಡ್ಡೆ ಹೋದರೆ ಹಬ್ಬ, ಹುಡುಗ ಹೋದರೆ ದಿಗಿಲು,
ಕಡಲು ಹೋದರೆ ಬರೀ ಸುದ್ದಿ ಎಂದೇ?
'ಹಿಂದಕ್ಕ ಹೋಗೋದು ಅಂತ ಅರ್ಥ' ಎಂದೆ, ಅಷ್ಟೇ.
'ಏನು ಹೋತು, ಎಲ್ಲಿಗೆ ಹೋತು ಅನ್ನೋದರ ಮೇಲೈತಿ.'

ಅವಳು ಮಾತಾಡಲಿಲ್ಲ.
ಬಾಂಡ್ಲಿಯ ಕಾದ ಮರಳಿಗೆ ಅಕ್ಕಿ ಸುರಿದಳು,
ಉಬ್ಬಿದ್ದೇ ತಡ ಮೊಗೆದು ಜರಡಿಗೆ ಹಾಕಿ
ಎರಡು ಸಲ ಅಲುಗಿಸಿದಳು.
ಮರಳು ಮರಳಿತು.
ಜರಡಿಯಲ್ಲಿ ಬಿಳಿ ಉಳಿಯಿತು.

'ಮರಳು ಹಿಂದಕ್ಕ ಹೋಗದಿದ್ರ
ಮಂಡಕ್ಕಿ ತಿನ್ನಾಕ ಬರತೈತೇನ್ರಿ?' ಎಂದಳು.
ನಾನು ನೋಟ್ಸಿನಲ್ಲಿ ಬರೆದುಕೊಳ್ಳಬೇಕಿತ್ತು.
ಪೆನ್ನು ಕಾಲೇಜಿನಲ್ಲಿತ್ತು.

ಆಗ ತೌಸೀಫ್ ಎದ್ದು ಬಂದ,
ಕಣ್ಣುಜ್ಜುತ್ತ ಎರಡೂ ಕೈ ಮೇಲೆತ್ತಿ ನಿಂತ.
ಭಾರ ಎತ್ತಬಾರದೆಂದು ಡಾಕ್ಟರಮ್ಮ ಹೇಳಿದ್ದಾಳೆ;
ಅದೂ ಅದೇ ಚೀಟಿಯಲ್ಲಿದೆ, ಕೆಳಗಿನ ಸಾಲು.
ಅವಳಿಗೆ ಓದು ಬಾರದು.
ಎತ್ತಿಕೊಂಡಳು.
ಒಂಬತ್ತು ವರ್ಷದ ಉದ್ದ ಕಾಲು
ಅವಳ ಮೊಣಕಾಲ ತನಕ ಜೋಲಾಡಿತು.

ನಾನು ಓದಿ ಹೇಳಲಿಲ್ಲ.

ಮನೆಗೆ ನಡೆಯುತ್ತ ಪೊಟ್ಟಣ ಬಿಚ್ಚಿದೆ.
ಎರಡನೇ ಹಿಡಿಯಲ್ಲಿ
ಒಂದೇ ಒಂದು ಕಣ
ಹಲ್ಲಿಗೆ ಕರಕ್ಕೆಂದಿತು.