ಗ್ವಾದಲಿ ಕಡಿಯುವ ಕುದುರೆ

ತರಬೇತಿಯ ಎರಡನೇ ದಿನ ಹಳ್ಳೂರ ಮೇಡಂ
ನಮ್ಮ ಹನ್ನೊಂದು ಜನರ ಥರ್ಮಾಮೀಟರು, ಸ್ಟೆತಸ್ಕೋಪು
ಒಂದು ಬಕೆಟ್ಟಿಗೆ ಹಾಕಿಸಿಕೊಂಡು
ಜೀಪಿನಲ್ಲೇ ಬಿಟ್ಟರು.
"ಇವತ್ತ ಕೈ ಹಿಂದ ಕಟ್ಟಿ ನಿಂದರ್ರಿ.
ಕಣ್ಣಿಗಷ್ಟ ಕೆಲಸ."

ವಿಜಯಪುರ. ಬಡಿಕಮಾನಿನ ಹಿಂದಿನ ಓಣಿ. ತಗಡಿನ ನೆರಳು.
ಲಾಡ್ಲೇಸಾಬನ ಟಾಂಗಾದ ಕೆಂಪು ಕುದುರೆ, ಹೆಸರು ಅನಾರ,
ಗ್ವಾದಲಿಯ ಅಂಚಿಗೆ ಮೇಲಿನ ಹಲ್ಲು ಊರಿ
ಕುತ್ತಿಗೆ ಬಿಲ್ಲು ಮಾಡಿ
ಗಕ್ ಎಂದು ಗಾಳಿ ನುಂಗಿತು.
ಮತ್ತೆ ಗಕ್.
ಬೇವಿನ ಹಲಗೆ ಅರ್ಧಚಂದ್ರ ಸವೆದಿತ್ತು.

"ಹುಚ್ಚ ಹಿಡದೈತ್ರಿ" ಅಂದ ಲಾಡ್ಲೇಸಾಬ.
"ತಾಯತ ಕಟ್ಟೀನಿ. ಹಲಗಿಗೆ ಖಾರ ಹಚ್ಚೀನಿ.
ಖಾರ ನೆಕ್ಕಿ ಮತ್ತ ಕಡೀತೈತಿ."
ಕುತ್ತಿಗೆಗೆ ಸೈಕಲ್ ಟೈರಿನ ಪಟ್ಟಿ,
ಗಾಳಿ ಒಳಗೆ ಹೋಗದಿರಲೆಂದು, ಬಿಗಿಯಾಗಿ.

ಐದು ವರ್ಷ ಓದಿದ್ದೆ.
ಸತ್ತ ಕುದುರೆಯ ಒಳಗೆಲ್ಲ ನನಗೆ ಬಾಯಿಪಾಠ.
ಬದುಕಿದ ಕುದುರೆ ಬೆಳಗಿನಿಂದ ಸಂಜೆತನಕ
ಏನು ಮಾಡುತ್ತದೆ ಎಂದು
ಯಾವ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ.

ನೋಡಿದೆವು. ಒಂದು ತಾಸು.
ಬಿಸಿಲು ತಗಡಿನಿಂದ ಮೊಣಕಾಲಿಗಿಳಿಯಿತು.
ಗಕ್ಕಿಗೊಂದು ಗೆರೆ ಎಳೆಯುತ್ತ ಹೋದೆ,
ನಾಲ್ಕರ ಮೇಲೊಂದು ಅಡ್ಡಗೆರೆ,
ಗವಳಿಗರ ಗೋಡೆಯ ಹಾಲಿನ ಲೆಕ್ಕದ ಹಾಗೆ.
ಕಣಕಿ ತಿನ್ನುವಾಗ ಗೆರೆ ಇಲ್ಲ.
ಕಾಳು ತಿಂದು ಮುಗಿದದ್ದೇ ಬರೆದು ಪೂರೈಸಲಿಲ್ಲ.
ಮುಂದಿನ ರಸ್ತೆಯಲ್ಲಿ ಇನ್ನೊಂದು ಗೊರಸು ಟಪಟಪ ಬಂದಾಗ
ಕಿವಿ ಎರಡೂ ಅತ್ತ, ಗೆರೆ ಇಲ್ಲ.
ಟಾಂಗಾ ಹೋಯಿತು.
ಗಕ್.

ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ
ಏಳು ಸಲ ತಿರುಗಿ ಬರುತ್ತದಂತೆ.
ಇಲ್ಲಿ ಪ್ರಶ್ನೆಯನ್ನೇ ಏಳು ಸಲ ತಿರುಗಿಸಬೇಕು.

"ಎಂದಿನಿಂದ?"
"ಹ್ವಾದ ಉರುಸಿನ ಮುಂದ. ಕಣಕಿ ತುಟ್ಟಿ ಆತು, ಕಾಳ ಜಾಸ್ತಿ ಮಾಡಿದ್ನಿ."
"ಆವಾಗೂ ಇಲ್ಲೇ, ಒಬ್ಬಾಕೀನ ಇರತಿದ್ಲೇನು?"
ಲಾಡ್ಲೇಸಾಬ ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡ.
"ಇಲ್ರಿ. ಸ್ಟ್ಯಾಂಡಿನ ಸಾಲಿನಾಗ, ಆರು ಕುದುರಿ ಜೋಡಿ.
ಇದನ್ನ ನೋಡಿ ತಮ್ಮವೂ ಕಲೀತಾವಂತ
ಉಳದವರು ಜಗಳಾ ತಗದ್ರು."
"ಅಲ್ಲಿ ಇದ್ದಾಗ ಎಷ್ಟು ಕಡೀತಿದ್ಲು?"
"ದಿನಕ್ಕ ಒಂದ ನಾಕೈದು..."
ಅಂದವನು
ನನ್ನ ಕೈಯ ಹಾಳೆ ನೋಡಿ ಸುಮ್ಮನಾದ.

ಬಕೆಟ್ಟು ಆಮೇಲೆ ಬಂತು.
"ಮೊದಲ ಹಲ್ಲು, ಹೊಟ್ಟಿ, ಲದ್ದಿ ಎಲ್ಲಾ ನೋಡ್ರಿ.
ಒಳಗ ಹುಣ್ಣಿದ್ರ
ಪಾಪದ್ದರ ಸ್ವಭಾವದ ಮ್ಯಾಲ ಹಾಕಬ್ಯಾಡ್ರಿ."
ಪಟ್ಟಿ ಬಿಚ್ಚಿದರೆ ಕೆಳಗೆ ಚರ್ಮ ಕಿತ್ತಿತ್ತು.
ಅಬ್ಬಾ, ಬಲ್ಲ ಕೆಲಸ ಸಿಕ್ಕಿತೆಂದು
ಸಡಗರದಿಂದ ಮುಲಾಮು ಹಚ್ಚಿದೆ.

"ಅದಿರಲಿ, ನಿಮ್ಮ ಪೆನ್ನಿನ ಕ್ಯಾಪು
ಯಾವ ಕುದುರಿ ಕಡಿದೈತಿ?"
ನೋಡಿಕೊಂಡೆ. ಹಲ್ಲಿನ ಗುರುತು, ತುದಿ ಚಪ್ಪಟೆ.
ಎಲ್ಲರೂ ನಕ್ಕರು, ನಾನೂ.
ಮುಂದಿನ ತಿಂಗಳು ಇಂಡಿ ಕಡೆಯ ಯಾವುದೋ ದವಾಖಾನೆಗೆ
ಒಬ್ಬಳೇ ಹೋಗಬೇಕಿತ್ತು.

ಚೀಟಿ ಬರೆದೆ:
ಹೊಟ್ಟೆಗೆ ಒಂದು ಔಷಧ.
ಕಾಳು ಅರ್ಧ. ಕಣಕಿ ತುಸು ತುಸು, ಎಂಟು ಸಲ.
ಪಟ್ಟಿ ಬೇಡ. ಜೊತೆ ಬೇಕು.
ಮೆಡಿಕಲ್ಲಿನವ ಕನ್ನಡಕ ಏರಿಸಿ ಓದಿದನಂತೆ:
"ಔಷಧ ಐತಿ. ಜೊತಿ ನಮ್ಮಲ್ಲಿ ಸಿಗೂದಿಲ್ರಿ."

ಐದನೇ ದಿನ ಹೋದಾಗ
ಗ್ವಾದಲಿಯೊಳಗೇ ನಿಂತಿತ್ತು ಲಾಡ್ಲೇಸಾಬನ ತಂಗಿಯ ಆಡು,
ತನ್ನದೇ ಮನೆಯೆಂಬಂತೆ ಕಣಕಿ ಎಳೆಯುತ್ತ.
ಅನಾರ ಅದರ ಬೆನ್ನು ಮೂಸಿ, ಸೀನಿ, ಮತ್ತೆ ಮೂಸಿತು.
ಅದೇ ಒಂದು ತಾಸು. ಗೆರೆ ಎಣಿಸಿದೆ.
ಅವತ್ತು ನೂರಾ ಹನ್ನೆರಡು. ಇವತ್ತು ಅರವತ್ತೊಂದು.

"ಗುಣ ಆತೇನ್ರಿ ಡಾಕ್ಟರಬಾಯಿ?"
"ಇಲ್ಲ" ಎಂದೆ. ಹಾಗೆ ಹೇಳುವುದನ್ನೂ
ಇದೇ ವಾರ ಕಲಿತದ್ದು.
"ಮತ್ತ ಹಲಗಿ ಕಿತ್ತ ಒಗೀಲೇನು?"
"ಬ್ಯಾಡ. ಅಷ್ಟು ಆಕಿಗೆ ಇರಲಿ."